ಕೌದಿ ಮುಗೀತು, ಭಾನುವಾರ ಎಲ್ಲರೂ ಬನ್ನಿ

ಗೆಳತಿಯರೇ, ನನ್ನ ಚೂರುಬಟ್ಟೆಯ ಕೌದಿ ಕೊನೆಗೂ ಮುಗಿಯಿತು! ಆರು ತಿಂಗಳು ಹಿಡಿಯಿತು. ಒಳಗೆ ಅಮ್ಮನ ಎರಡು ಹಳೇ ಸೀರೆ, ಮೇಲೆ ಟೈಲರ್ ಅಂಗಡಿಯಲ್ಲಿ ಉಳಿದ ಚೂರುಗಳು, ಮಗಳ ಯೂನಿಫಾರಂ, ಅಪ್ಪನ ಚೌಕಳಿ ಲುಂಗಿ ಎಲ್ಲಾ ಸೇರಿವೆ. ಅಳತೆ ಹಿಡಿದು ಕತ್ತರಿಸಲಿಲ್ಲ, ಸಿಕ್ಕ ಆಕಾರದಲ್ಲೇ ಅಂಚು ಮಡಚಿ ಕೂರಿಸಿದೆ.

ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಹಾಗೆ ಮೂಲೆಯಿಂದ ಶುರು ಮಾಡಿ, ಅಂಚಿನಲ್ಲೇ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದೆ. ಅವರಂತೆಯೇ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂ ಇಟ್ಟಿದ್ದೇನೆ. ಕೆಂಪು ಚೂರಿನ ಪಕ್ಕ ಲುಂಗಿಯ ನೀಲಿ ಬಂದು ಕೂತಾಗ ಆದ ಖುಷಿ ಹೇಳೋಕಾಗಲ್ಲ.

ಭಾನುವಾರ ಬೆಳಿಗ್ಗೆ 10ಕ್ಕೆ ಕುವೆಂಪುನಗರದ ನಮ್ಮ ಮನೆ ತಾರಸಿಯಲ್ಲಿ ನೇತುಹಾಕುತ್ತೇನೆ. ನಿಮ್ಮ ಕೌದಿಗಳನ್ನೂ ತನ್ನಿ. ಅಜ್ಜಿ ಹೊಲಿದದ್ದು, ಅರ್ಧಕ್ಕೆ ನಿಂತದ್ದು, ಹರಿದದ್ದು, ಯಾವುದಾದರೂ ಸರಿ. ಸುಮ್ನೆ ಬೀರುವಿನಲ್ಲಿ ಮಡಚಿಟ್ಟರೆ ಯಾರು ನೋಡ್ತಾರೆ, ಅಲ್ವಾ? ಹಿಂಬದಿಯೂ ಕಾಣುವ ಹಾಗೆ ಹಾಕೋಣ, ಹೊಲಿಗೆಯ ಸಾಲು ಚೆನ್ನಾಗಿ ಕಾಣುವುದು ಅಲ್ಲೇ. ಬಿಸಿಲು ಜಾಸ್ತಿಯಾದರೆ ಬಣ್ಣ ಹೋಗುತ್ತದೆ, 12ರೊಳಗೆ ತೆಗೆದುಬಿಡೋಣ. ಕ್ಲಿಪ್ಪುಗಳು ನನ್ನ ಹತ್ತಿರ ಇವೆ, ಗಟ್ಟಿ ಹಗ್ಗ ಇದ್ದವರು ಒಂದು ತನ್ನಿ.