ಮ್ಯೂನಿಕ್‌ನ ಕಿಟಕಿಯಲ್ಲಿ ನಿಮ್ಮ ಹೊಲದ ಮೆಣಸು

ಪ್ರೀತಿಯ ದೋಸ್ತ,

"ಗಿಡ ಹೆಂಗದಾವು?" ಅಂತ ನೀನು ಕೇಳಿದ್ದಕ್ಕೆ ಉತ್ತರ ಫೋನಿನಲ್ಲಿ ಹಿಡಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಚಳಿ ದೇಶಗಳಲ್ಲಿ ಊರಿನ ಮೆಣಸಿನ ಸಸಿ ಕಾಯುತ್ತ ಕೂತ ನಮ್ಮವರು ಬಹಳ ಇದ್ದಾರೆ, ಅವರಿಗೂ ಉಪಯೋಗವಾಗಲಿ ಅಂತ ಎಲ್ಲರೂ ಓದುವಂತೆ ಹಾಕಿದ್ದೇನೆ. ಕುಂದಗೋಳದ ಬಸ್ಸಿನ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಗಿಡ ಬದುಕಿವೆ. ಸಾರಿನ ಪುಡಿಗೆಂದು ನಿಮ್ಮವ್ವ ಕಟ್ಟಿಕೊಟ್ಟಿದ್ದ ಕಡ್ಡಿ ಬ್ಯಾಡಗಿ ಮೆಣಸಿನಕಾಯಿಯನ್ನು ಹುರಿಯುವ ಮೊದಲು ಒಂದಿಷ್ಟು ಬೀಜ ಉದುರಿಸಿ ಇಟ್ಟುಕೊಂಡಿದ್ದೆನಲ್ಲ, ಅವೇ. ಚೆನ್ನಾಗಿ ಮೊಳಕೆ ಒಡೆಯಲು 25 ಡಿಗ್ರಿ ಆಸುಪಾಸು ಬೆಚ್ಚಗಿರಬೇಕು, ಆಗಸ್ಟಿನಲ್ಲಿ ಅದು ಸಿಕ್ಕಿತು. ಆದರೆ ಇಲ್ಲಿ ಆಗಸ್ಟಿನಲ್ಲಿ ಹುಟ್ಟಿದ ಸಸಿ ಹೂ ಬಿಡುವಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ. ಈಗ ಡಿಸೆಂಬರು. ಗಿಡ ಒಂದು ಗೇಣು, ಹೊರಗೆ ರಾತ್ರಿ ಸೊನ್ನೆಗಿಂತ ಕೆಳಗೆ, ಬಿಸಿಲು ಕಾಣುವ ದಿನದಲ್ಲೂ ಹಗಲು ಎಂಟೂವರೆ ಗಂಟೆ ತುಂಬುವುದಿಲ್ಲ.

ಬಲಿತ ಗಿಡವಾದರೆ ಚಿಂತೆ ಕಡಿಮೆ. ಕವಲಿನ ಸ್ವಲ್ಪ ಮೇಲೆ ಕತ್ತರಿಸಿ, ಎಲೆ ತೆಗೆದು, 10–12 ಡಿಗ್ರಿಯ ತಂಪು ಕೋಣೆಯಲ್ಲಿ ಇಟ್ಟರೆ ಮಲಗಿರುತ್ತದೆ, ವಸಂತದಲ್ಲಿ ಹಳೇ ಕಾಂಡವೇ ಚಿಗುರುತ್ತದೆ. ನಿಮ್ಮ ಹಿತ್ತಲಲ್ಲಿ ಬಚ್ಚಲ ನೀರು ಕುಡಿದು ವರ್ಷಗಟ್ಟಲೆ ಕಾಯಿ ಬಿಟ್ಟ ಗಿಡ ನೆನಪಿದೆಯಲ್ಲ? ಹಿಮ ತಾಗದಿದ್ದರೆ ಮೆಣಸು ಹಾಗೆಯೇ ಬಾಳುವ ಗಿಡ. ಆದರೆ ಎಳೆಯದರ ಕಾಂಡದಲ್ಲಿ ಅಷ್ಟು ಕೂಡಿಟ್ಟ ಕಸುವಿರುವುದಿಲ್ಲ, ಅದನ್ನು ಮಲಗಿಸಬಾರದು. 18 ಡಿಗ್ರಿ ಆಸುಪಾಸಿನಲ್ಲಿಟ್ಟು, ಎಲ್‌ಇಡಿ ದೀಪ 14 ಗಂಟೆ ಹಚ್ಚಿ, ನಿಧಾನವಾಗಿ ಬೆಳೆಯಲು ಬಿಡಬೇಕು.

ಕಿಟಕಿಯೇ ದೊಡ್ಡ ಶತ್ರು ಅಂತ ನನಗೆ ಗೊತ್ತಿರಲಿಲ್ಲ. ಒಂದು ಎಲೆಯ ತುದಿ ರಾತ್ರಿಯಿಡೀ ಗಾಜಿಗೆ ತಾಗಿಕೊಂಡಿತ್ತು. ಬೆಳಿಗ್ಗೆ ಅಷ್ಟು ಜಾಗ ಮಾತ್ರ ಕಡುಹಸಿರಾಗಿ, ನೀರು ಹೊಕ್ಕು ಬೆಂದಂತೆ ಪಾರದರ್ಶಕವಾಗಿತ್ತು, ಮಧ್ಯಾಹ್ನಕ್ಕೆ ಕಂದಾಗಿ ಒಣಗಿ ಮುದುಡಿತು. ಹಿಮಗಟ್ಟಿದರೆ ಎಲೆಯೊಳಗೆ ಆಗುವುದು ಇದೇ. ಕೋಶಗಳ ನಡುವಿನ ನೀರು ಗಟ್ಟಿಯಾಗುತ್ತ ಒಳಗಿನ ನೀರನ್ನೂ ಎಳೆದುಕೊಳ್ಳುತ್ತದೆ, ಕೋಶದ ಪೊರೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ಈಗ ಕತ್ತಲಾದೊಡನೆ ಗಾಜಿಗೂ ಗಿಡಕ್ಕೂ ನಡುವೆ ದಪ್ಪ ಟವೆಲ್ ಇಳಿಬಿಡುತ್ತೇನೆ, ಕುಂಡದ ಕೆಳಗೆ ಮರದ ಹಲಗೆ ಇದೆ.

ಬೇರು ತಣ್ಣಗಾದರೆ ಮಣ್ಣು ಹಸಿ ಇದ್ದರೂ ನೀರು ಹೀರುವುದಿಲ್ಲ, ಎಲೆ ಜೋಲುತ್ತದೆ. ಬಾಯಾರಿತೆಂದು ಇನ್ನಷ್ಟು ನೀರು ಹಾಕಿದರೆ ಬೇರು ಕೊಳೆಯುತ್ತದೆ. ಚಳಿಗಾಲದಲ್ಲಿ ಹಿಮಕ್ಕಿಂತ ಹೆಚ್ಚು ಮೆಣಸಿನ ಗಿಡಗಳನ್ನು ಕೊಲ್ಲುವುದು ಈ ಕರುಣೆ ಎಂದು ಕೆಳಗಿನ ಮನೆಯ ಅಜ್ಜಿ ಹೇಳಿದರು. ಕುಂಡ ಎತ್ತಿ ನೋಡು, ಹಗುರಾದರೆ ಮಾತ್ರ ಉಗುರುಬೆಚ್ಚನೆ ನೀರು ಹಾಕು ಅನ್ನುತ್ತಾರೆ. ಹೀಟರಿನ ಒಣ ಗಾಳಿಗೆ ಎಲೆಯಡಿ ನುಸಿ ಬಲೆ ಕಟ್ಟುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಬೇಕು.

ಮೊನ್ನೆ ಒಂದು ಗಿಡದ ಮೊದಲ ಕವಲಿನಲ್ಲಿ ಮೊಗ್ಗು ಕಂಡಿತು. ಈಗ ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಲಿ ಅಂತ ಚಿವುಟಬೇಕು. ಚಿವುಟಿದೆ. ಅಂಗೈಯಲ್ಲಿ ಅದನ್ನಿಟ್ಟುಕೊಂಡು ನಿಂತಾಗ ಎದೆ ಧಸಕ್ಕೆಂದಿತು ಕಣೋ. ಹಿಂದಿನ ದಿನವಷ್ಟೇ ನೀನು ಹೇಳಿದ್ದೆ: "ಈ ಸಲ ಎಲ್ಲಾ ಕಂಪನಿ ಬೀಜನ ಹಾಕೇವಿ, ಮನಿ ಬೀಜ ಮುಗೀತು."

ನಿನ್ನ ಮೇಲೆ ನನಗೆ ದೂರಿಲ್ಲ. ಎಲೆ ಮುದುಡಿಸುವ ಮುಟುರು ರೋಗ ಬಿದ್ದ ವರ್ಷ ನೀನು ಹೊಲದಲ್ಲಿ ಹೇಗೆ ಕೂತಿದ್ದೆ ಅಂತ ನೋಡಿದವನು ನಾನು. ಬಣ್ಣ ಎಷ್ಟಿದ್ದರೇನು, ಇಳುವರಿ ಬರದಿದ್ದರೆ ಸಾಲ ತೀರುವುದಿಲ್ಲ. ಆದರೂ 2011ರಲ್ಲಿ ಬ್ಯಾಡಗಿ ಮೆಣಸಿಗೆ ಜಿಐ ಟ್ಯಾಗ್, ಅಂದರೆ ಊರ ಹೆಸರಿನ ಬೆಳೆಗೆ ಸಿಗುವ ಸರ್ಕಾರಿ ಗುರುತು, ಸಿಕ್ಕಾಗ ಪೇಪರು ಹಿಡಿದು ಕಟ್ಟೆಗೆ ಬಂದಿದ್ದ ನಿಮ್ಮಪ್ಪನ ಮುಖ ಕಣ್ಣ ಮುಂದೆ ಬಂತು. ಅವರು ವರ್ಷ ವರ್ಷ ಹಣ್ಣು ಆರಿಸಿ ಉಳಿಸಿದ ಬೀಜ ಈಗ ಇಲ್ಲಿ, ಮೂರನೇ ಮಹಡಿಯ ಕಿಟಕಿಯಲ್ಲಿ ಮಾತ್ರ ಉಸಿರಾಡುತ್ತಿದೆಯೇನೋ ಅನ್ನಿಸಿ ರಾತ್ರಿ ಎದ್ದು ಟವೆಲ್ ಸರಿಮಾಡಿದೆ.

ಇನ್ನೊಂದಿದೆ. ನಿಮ್ಮಪ್ಪ ತೀರಿಹೋದ ಮೇಲೆ ನಮ್ಮಿಬ್ಬರ ಮಾತು ಕಡಿಮೆಯಾಯಿತು. ಜಗಳವಿಲ್ಲ, ಮುನಿಸಿಲ್ಲ, ಹೇಳಲು ಏನೂ ಇರುತ್ತಿರಲಿಲ್ಲ ಅಷ್ಟೇ. ಈ ಸಸಿಗಳು ಹುಟ್ಟಿದಾಗಿನಿಂದ ನೀನಾಗಿಯೇ ಫೋನ್ ಮಾಡುತ್ತೀ. ಗಿಡ ಕೇಳುತ್ತೀ, ಆಮೇಲೆ ಮಳೆ, ಆಮೇಲೆ ಮಗಳ ಶಾಲೆ. ಜನವರಿಯಲ್ಲಿ ಇವು ಸತ್ತರೆ ನೀನು ಏನು ಕೇಳಲು ಫೋನ್ ಮಾಡುತ್ತೀ? ನನ್ನ ಭಯ ಮೆಣಸಿನಕಾಯಿಯದ್ದಲ್ಲ ಅಂತ ಆ ಮೊಗ್ಗು ಚಿವುಟಿದಾಗ ಗೊತ್ತಾಯಿತು.

ಇಷ್ಟು ಬರೆಯುವ ಯೋಚನೆ ಇರಲಿಲ್ಲ. ಇರಲಿ, ಅಳಿಸುವುದಿಲ್ಲ. ಅಜ್ಜಿಯ ಪಂಚಾಂಗ ಕೇಳು, ನಿನಗೆ ಹಿಡಿಸುತ್ತದೆ. ನಮ್ಮಲ್ಲಿ ಮಳೆಗೆ ನಕ್ಷತ್ರದ ಹೆಸರಿದ್ದಂತೆ ಇಲ್ಲಿ ಮೇ ತಿಂಗಳ ಕೊನೇ ಚಳಿಗೆ ಸಂತರ ಹೆಸರು. 11ರಂದು ಮಾಮೆರ್ಟುಸ್, ಆಮೇಲೆ ಪಾಂಕ್ರಾಟಿಯುಸ್, ಸೆರ್ವಾಟಿಯುಸ್, ಬೊನಿಫಾಟಿಯುಸ್, 15ಕ್ಕೆ ತಣ್ಣನೆಯ ಸೋಫಿ. ಸೋಫಿ ದಾಟುವ ತನಕ ಮೆಣಸನ್ನು ಹೊರಗೆ ನೆಡಬಾರದು. ದಾಟಿದ ಮೇಲೂ ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಮೊದಲು ನೆರಳಲ್ಲಿ ಒಂದೆರಡು ಗಂಟೆ, ದಿನ ದಿನಕ್ಕೆ ಹೆಚ್ಚಿಸುತ್ತ ಹೋಗಬೇಕು. ನಮ್ಮ ಆರಿದ್ರಾ ಮಳೆ ಸೋಫಿಗಿಂತ ಮಾತು ಉಳಿಸಿಕೊಳ್ಳುತ್ತದೆ ಅಂತ ನಾನು ವಾದ ಮಾಡಿ ಬಂದಿದ್ದೇನೆ, ಊರ ಮಾನ ಈಗ ನಿನ್ನ ಕೈಯಲ್ಲಿದೆ.

ಸುತ್ತಮುತ್ತ ಯಾರ ಬಾಲ್ಕನಿಯಲ್ಲೂ ಬೇರೆ ಮೆಣಸಿಲ್ಲ, ಬೀಜ ಬೆರಕೆಯಾಗುವ ಭಯವಿಲ್ಲ. ಅವ್ವನನ್ನು ಕೇಳಿ ಹೇಳು: ಬೀಜಕ್ಕೆ ಹಣ್ಣು ಆರಿಸುವಾಗ ಮೊದಲ ಕೊಯ್ಲಿನದೋ ಎರಡನೆಯದೋ? ಸುಕ್ಕು ನೋಡಬೇಕೋ, ಉದ್ದವೋ? ರವಿವಾರ ಫೋನ್ ಮಾಡು. ಆದರೆ ಗಿಡದ ಮಾತು ಕೊನೆಗೆ. ಮೊದಲು ನಿನ್ನ ಮಂಡಿನೋವು, ಆಮೇಲೆ ಆ ಎಮ್ಮೆ ಪ್ರಕರಣ ಎಲ್ಲಿಗೆ ಬಂತು ಅಂತ ಪೂರಾ ಹೇಳಬೇಕು.

ನಿನ್ನವ