ರಾತ್ರಿ ಎರಡು ಗಂಟೆಯ ಮಾತು

ನಾಪೋಕ್ಲು
ಆಗಸ್ಟ್ 5

ಪುಟ್ಟಿ,

ಕರೆಂಟ್ ಹೋಗಿ ನಾಲ್ಕು ದಿನ ಆಯ್ತು. ಫೋನ್ ಸತ್ತು ಬಿದ್ದಿದೆ. ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆ ಮೇಲೆ ನೀರಂತೆ. ಅದಕ್ಕೇ ಈ ಕಾಗದ.

ಗಾಬರಿಯಾಗಬೇಡ, ಅಪ್ಪ ನೀನು ನೋಡಿ ಹೋದ ಹಾಗೇ ಇದ್ದಾರೆ. ಇನ್ನೂ ಸ್ವಲ್ಪ ಸೊರಗಿದ್ದಾರೆ, ಅಷ್ಟೇ. ಹಳೇ ಟೈಂಪೀಸಿಗೆ ಅಲಾರಂ ಕೊಟ್ಟು ನಾಲ್ಕು ಗಂಟೆಗೊಮ್ಮೆ ಮಾರ್ಫಿನ್ ಮಾತ್ರೆ ಕೊಡುತ್ತೇನೆ. ನೋವು ಬಂದ ಮೇಲಲ್ಲ, ಬರುವ ಮುಂಚೆಯೇ ಕೊಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಊಟ ಎರಡು ಮೂರು ತುತ್ತು. ಮೊದಮೊದಲು ಒತ್ತಾಯ ಮಾಡಿ ತಿನ್ನಿಸುತ್ತಿದ್ದೆ. ಅವರು ವಾಂತಿ ಮಾಡಿಕೊಳ್ಳೋದು, ನಾನು ಅಡುಗೆಮನೆಯಲ್ಲಿ ಅಳೋದು. ಈಗ ಬಿಟ್ಟಿದ್ದೇನೆ. ಆ ದೇಹಕ್ಕೇ ಬೇಡವಂತೆ.

ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟಾಗ ಬಂದಿದ್ದೆಯಲ್ಲ, ಹೊರಡುವಾಗ ಬಸ್ ಸ್ಟ್ಯಾಂಡಿನಲ್ಲಿ "ಅಪ್ಪ ಈಗಲೂ ನನ್ನ ಹತ್ರ ಏನೂ ಮಾತಾಡಲ್ಲ" ಅಂದೆ. ನನ್ನ ಹತ್ರ ಮಾತ್ರ ಆಡಿದ್ದರಾ? ಮದುವೆಯಾಗಿ 36 ವರ್ಷ. ಕರಿಮೆಣಸಿನ ರೇಟು, ಆನೆ ಬಾಳೆ ಮುರಿದದ್ದು, ಕೆಲಸದವರ ಲೆಕ್ಕ. ಮುಗೀತು.

ಈಗ ರಾತ್ರಿ ಎರಡು ಗಂಟೆಯ ಮಾತ್ರೆ ನುಂಗಿದ ಮೇಲೆ ಮಾತಾಡುತ್ತಾರೆ. ಕಾಯಿಲೆಯ ಮಾತಲ್ಲ. ಎಲ್ಲ ಏಳು ವರ್ಷದ ಹುಡುಗನ ಮಾತು. ಕಂಬಳಿ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೋಗುವಾಗ ಜಿಗಣೆಗೆ ಹೆದರಿ ಅಳುತ್ತಿದ್ದರಂತೆ. ನಿಮ್ಮಪ್ಪ! ತೋಟದಲ್ಲಿ ನಾಗರಹಾವು ಕಂಡರೂ "ಹೋಗುತ್ತೆ ಬಿಡು" ಅನ್ನೋ ಮನುಷ್ಯ. ಅಜ್ಜಿ ಕಾಲಿಗೆ ಹೊಗೆಸೊಪ್ಪು, ಸುಣ್ಣ ಹಚ್ಚಿ ಕಳಿಸುತ್ತಿದ್ದರಂತೆ. ಸಂಜೆ ಬಂದರೆ ಒಲೆ ಬೂದಿಯಲ್ಲಿ ಸುಟ್ಟ ಹಲಸಿನ ಬೀಜ. ಇವರಿಗೆ ಎರಡು ಜಾಸ್ತಿ, ಅಣ್ಣಂದಿರಿಗೆ ಗೊತ್ತಾಗದ ಹಾಗೆ. ಹೇಳುವಾಗ ಮುಷ್ಟಿ ಮುಚ್ಚಿಕೊಳ್ಳುತ್ತಾರೆ, ಬೀಜ ಇನ್ನೂ ಬಿಸಿಯಾಗಿ ಅಲ್ಲೇ ಇದೆ ಅನ್ನೋ ಹಾಗೆ. (ನಾನು ಸೊಸೆಯಾಗಿ ಕಂಡ ಅಜ್ಜಿಯೇ ಬೇರೆ. ಅದು ಈಗ ಬೇಡ.)

ಒಂದು ಕಥೆ ಮಾತ್ರ ನಾಲ್ಕು ಸಲ ಆಗಿದೆ. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ತಿಂದು ಮಲಗಿದ್ದಾರೆ. ಬೆಳಿಗ್ಗೆ ಕೊಟ್ಟಿಗೆ ಹಿಂದೆ ಉಚ್ಚೆ ಹೊಯ್ದರೆ ಕೆಂಪು! ಸೊಪ್ಪಿನ ಬಣ್ಣ ಅಂತ ಗೊತ್ತಾಗದೆ ರಕ್ತ ಅಂದುಕೊಂಡು, ಸತ್ತೇ ಹೋಗ್ತೀನಿ ಅಂತ ಹುಲ್ಲಿನ ಹಿಂದೆ ಅಡಗಿ ಕೂತರಂತೆ. ಹಿಂದಿನ ವರ್ಷ ತಿಂದಿರಲಿಲ್ವಾ ಎಂದು ಕೇಳಿದೆ. "ಮರ್ತಿದ್ದೆ" ಅಂದರು. ಅಜ್ಜಿ ಹುಡುಕಿಕೊಂಡು ಬಂದು, ಬೈಯದೆ, ನಗದೆ, ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದರಂತೆ: "ನಂದೂ ಕೆಂಪೇ ಕಣೋ."

ಮೊನ್ನೆ 3ಕ್ಕೆ ಕಕ್ಕಡ ಹದಿನೆಂಟು. ಆ ದಿನ ಸೊಪ್ಪಿಗೆ 18 ಬಗೆಯ ಔಷಧಿ ಸೇರಿರುತ್ತೆ ಅಂತಾರಲ್ಲ, ಆ ಆಸೆಗೆ ನಾನು ಮಾಡಲಿಲ್ಲ. ಸುಮ್ನೆ ಮಾಡಿದೆ. ಮಳೆಯಲ್ಲೇ ಹೋಗಿ ಬೇಲಿ ಪಕ್ಕದಿಂದ ಕಿತ್ತು ತಂದು ಕುದಿಸಿದೆ. ನೀರು ಕಡು ನೇರಳೆಯಾಗಿ ಮನೆಯೆಲ್ಲ ಘಮ ಘಮ. ಅಕ್ಕಿ, ಬೆಲ್ಲ, ತೆಂಗಿನಕಾಯಿ. ಅವರು ಒಂದು ಚಮಚ ನುಂಗಿ ಸಾಕು ಅಂದರು. ಬಟ್ಟಲನ್ನು ಮಾತ್ರ ಎದೆ ಮೇಲೆ ಇಟ್ಟುಕೊಂಡು, ಆರುವ ತನಕ ಮೂಸುತ್ತಿದ್ದರು.

ಮರುದಿನ ಬೆಳಿಗ್ಗೆ ಯೂರಿನ್ ಕ್ಯಾನ್ ಎತ್ತುವಾಗ ಕೇಳಿದರು, "ಬಣ್ಣ ಬಂತಾ?"

ಕಾಮಾಲೆಯಲ್ವಾ, ದಿನದ ಹಾಗೆ ಕಡು ಹಳದಿ. ಒಂದು ಚಮಚಕ್ಕೆ ಏನು ಬರುತ್ತೆ?

"ಬಂತು ರೀ," ಅಂದೆ. "ಕೆಂಪೇ. ನಂದೂ ಕೆಂಪೇ."

ನಕ್ಕರು ಪುಟ್ಟಿ. ಹಲ್ಲು ಕಾಣುವ ಹಾಗೆ.

ರಸ್ತೆ ಸರಿಯಾದ ಕೂಡಲೇ ಬಾ. ರಜೆ ಸಿಗಲ್ಲ ಅನ್ನಬೇಡ. ಬಂದ ಮೇಲೆ ರಾತ್ರಿ ಎರಡಕ್ಕೆ ಏಳು, ಮಾತ್ರೆ ನೀನೇ ಕೊಡು. ಹಗಲು ಹೋಗಿ ಕೂತರೆ ಮೆಣಸಿನ ರೇಟೇ ಹೇಳುತ್ತಾರೆ.

ಅಮ್ಮ