ಕಮಲಾ ಖಾನ್ ಪರಊರಿನವಳಲ್ಲ

ಸಂಪಾದಕೀಯದಲ್ಲಿ ಕಾಮಿಕ್ಸ್ ಬಗ್ಗೆ ಬರೆಯೋದಾ ಅಂತ ಹುಬ್ಬೇರಿಸುವವರು ಇದ್ದೇ ಇರುತ್ತೀರಿ. ಇರಲಿ. ಯುಗಾದಿ ಊಟದಲ್ಲಿ ಒಬ್ಬಟ್ಟು ಸಾಲದೆ ಹೋದ ವಿಷಯಕ್ಕೇ ನಾವು ಪುಟಗಟ್ಟಲೆ ಚರ್ಚೆ ಮಾಡಿದ್ದೇವೆ, ಅದಕ್ಕಿಂತ ಇದೇನೂ ಹಗುರ ಅಲ್ಲ.

ವಿಷಯ ಇಷ್ಟು. ಇಲ್ಲಿ ನ್ಯೂಜರ್ಸಿಯಲ್ಲಿ ನಮ್ಮ ಕೂಟದ ಕನ್ನಡ ತರಗತಿ ನಡೆಯುವ ಕಡೆ ನಾವು ಇಡುವ ಪುಸ್ತಕದ ಮೇಜಿಗೆ ಕಮಲಾ ಖಾನ್ ಅನ್ನೋ ಹುಡುಗಿ ಸೂಪರ್‌ಹೀರೊ ಆಗುವ 'ಮಿಸ್ ಮಾರ್ವೆಲ್' ಕಾಮಿಕ್ಸ್‌ನ ಮೊದಲ ಕೆಲವು ಸಂಪುಟ ತರಿಸೋಣ ಅಂತ ಒಂದಿಬ್ಬರು ಸಲಹೆ ಕೊಟ್ಟರು. ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಎರಡು ಆಕ್ಷೇಪ ಬಂತು. ಕನ್ನಡ ಕಲಿಯುವ ಜಾಗದಲ್ಲಿ ಇಂಗ್ಲಿಷ್ ಕಾಮಿಕ್ಸ್ ಯಾಕೆ ಅನ್ನೋದು ಮೊದಲನೆಯದು. ನ್ಯಾಯವಾದ ಪ್ರಶ್ನೆ, ಸಮಿತಿಯಲ್ಲಿ ಮಾತಾಡೋಣ. ಎರಡನೆಯದು ಸ್ವಲ್ಪ ಸುತ್ತಿ ಬಳಸಿ ಬಂತು: ಆ ಹುಡುಗಿ ಮುಸ್ಲಿಂ ಅಲ್ವಾ, ಅದೂ ಪಾಕಿಸ್ತಾನದವಳು, ನಮ್ಮ ಮಕ್ಕಳಿಗೂ ಅವಳಿಗೂ ಏನು ಸಂಬಂಧ? ಈ ಎರಡನೆಯದಕ್ಕೆ ಸುಮ್ನೆ ಇರೋಕೆ ನನಗೆ ಆಗಲಿಲ್ಲ. ನಮ್ಮ ಕೂಟದಲ್ಲಿ ಮುಸ್ಲಿಂ ಮನೆಗಳೂ ಇವೆ, ಆ ಗುಂಪಿನಲ್ಲಿ ಅವರೂ ಇದ್ದಾರೆ, ಆ ಮೆಸೇಜನ್ನು ಅವರೂ ಓದಿದ್ದಾರೆ. ಅಷ್ಟೇ ಅಲ್ಲ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಇದೇ ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆ ಆಗಿತ್ತು. ಆ ಕಥೆಗಳಲ್ಲಿ ಇರುವವರು ಯಾರು ಅಂತ ಓದಿದವರಿಗೆ ಗೊತ್ತು.

ಮೊದಲು ಊರಿನ ವಿಷಯ ಸರಿಮಾಡಿಬಿಡೋಣ. ಕಮಲಾ ಖಾನ್ ಪಾಕಿಸ್ತಾನದವಳಲ್ಲ. ಅವಳ ಅಪ್ಪ ಅಮ್ಮ ಕರಾಚಿಯಿಂದ ಬಂದವರು, ಅವಳು ಜರ್ಸಿ ಸಿಟಿಯ ಹುಡುಗಿ. ನಾವು ದೋಸೆ ತಿನ್ನೋಕೆ ಹೋಗುವ ನೂವರ್ಕ್ ಅವೆನ್ಯೂ ಇದೆಯಲ್ಲ, ಪಾತ್ ರೈಲಿನ ಜರ್ನಲ್ ಸ್ಕ್ವೇರ್ ಪಕ್ಕ, ಅದೇ ಊರು. ಹುಬ್ಬಳ್ಳಿಯನ್ನು ಬೇಸಿಗೆ ರಜೆಯಲ್ಲಿ ಮಾತ್ರ ಕಂಡಿರುವ ನಮ್ಮ ಮಕ್ಕಳು ಎಷ್ಟು ಹುಬ್ಬಳ್ಳಿಯವರೋ ಅವಳೂ ಅಷ್ಟೇ ಕರಾಚಿಯವಳು.

ಅವಳನ್ನು ಹುಟ್ಟಿಸಿದವರೂ ಹೆಚ್ಚುಕಡಿಮೆ ಇದೇ ರಾಜ್ಯದವರೇ. ಮಾರ್ವೆಲ್ ಕಂಪನಿಯಲ್ಲಿ ಸಂಪಾದಕಿಯಾಗಿದ್ದ ಸನಾ ಅಮಾನತ್ ನ್ಯೂಜರ್ಸಿಯಲ್ಲಿ ಬೆಳೆದವರು, ಅವರ ಮನೆಯವರೂ ಪಾಕಿಸ್ತಾನದಿಂದ ಬಂದವರು. ತಾನು ಚಿಕ್ಕವಳಿದ್ದಾಗ ಮನೆಯಲ್ಲಿ ನಡೆಯುತ್ತಿದ್ದ ಫಜೀತಿಗಳನ್ನು ಜೊತೆಯ ಸಂಪಾದಕ ಸ್ಟೀಫನ್ ವ್ಯಾಕರ್ ಹತ್ತಿರ ಹೇಳಿಕೊಳ್ಳುತ್ತಿದ್ದಾಗ ಈ ಪಾತ್ರದ ಯೋಚನೆ ಹೊಳೆಯಿತಂತೆ. ಬರೆಯೋಕೆ ಕರೆದದ್ದು ಜಿ. ವಿಲ್ಲೋ ವಿಲ್ಸನ್ ಅವರನ್ನು. ಅವರೂ ನ್ಯೂಜರ್ಸಿಯಲ್ಲೇ ಹುಟ್ಟಿದವರು, ದೊಡ್ಡವರಾದ ಮೇಲೆ ಇಸ್ಲಾಂಗೆ ಸೇರಿದವರು, ಕೈರೋದಲ್ಲಿ ಕೆಲವು ವರ್ಷ ಬದುಕಿದವರು. ಚಿತ್ರ ಏಡ್ರಿಯನ್ ಅಲ್ಫೋನಾ ಅವರದು. ಕ್ಯಾರಲ್ ಡ್ಯಾನ್ವರ್ಸ್ ಅನ್ನೋ ಹಳೆಯ ನಾಯಕಿ 2012ರಲ್ಲಿ ಕ್ಯಾಪ್ಟನ್ ಮಾರ್ವೆಲ್ ಆಗಿ ಬಡ್ತಿ ಪಡೆದಿದ್ದಳು, ಹಾಗಾಗಿ ಮಿಸ್ ಮಾರ್ವೆಲ್ ಅನ್ನೋ ಹೆಸರು ಖಾಲಿ ಬಿದ್ದಿತ್ತು. 2014ರ ಫೆಬ್ರವರಿಯಲ್ಲಿ ಆ ಹೆಸರು ಹದಿನಾರರ ಕಮಲಾಳ ಪಾಲಿಗೆ ಬಂತು.

ಮುಸ್ಲಿಂ ಸೂಪರ್‌ಹೀರೊಗಳು ಮೊದಲೂ ಇದ್ದರು. ಎಕ್ಸ್-ಮೆನ್ ಕಥೆಯಲ್ಲಿ 2002ರಲ್ಲೇ ಡಸ್ಟ್ ಅನ್ನೋ ಅಫ್ಘಾನಿ ಹುಡುಗಿ ಬಂದಿದ್ದಳು, ಕಪ್ಪು ಬಟ್ಟೆಯೊಳಗೆ, ಮರಳಾಗಿ ಹಾರುವವಳು. ಕುವೈತಿನ ನಾಯಿಫ್ ಅಲ್ ಮುತವಾ 'ದ 99' ಅಂತ ಒಂದು ಇಡೀ ತಂಡವನ್ನೇ ಕಟ್ಟಿದರು. ಪಾಕಿಸ್ತಾನದ ಟೀವಿಯಲ್ಲಿ 2013ರಲ್ಲಿ 'ಬುರ್ಕಾ ಅವೆಂಜರ್' ಶುರುವಾಯಿತು, ಹೆಣ್ಣುಮಕ್ಕಳ ಶಾಲೆ ಮುಚ್ಚಿಸಲು ಬರುವವರನ್ನು ಪುಸ್ತಕ ಪೆನ್ನು ಬೀಸಿ ಹೊಡೆಯುವ ಟೀಚರ್. ಎಲ್ಲ ಒಳ್ಳೆಯ ಉದ್ದೇಶದವೇ. ಆದರೆ ಅಲ್ಲಿ ಪಾತ್ರಕ್ಕಿಂತ ಮುಂಚೆ ಸಂದೇಶ ಬಂದು ಕೂತುಬಿಡುತ್ತದೆ, ನನಗೆ ಅನ್ನಿಸಿದ್ದು. ಕಮಲಾ ಹಾಗಲ್ಲ. ಅವಳು ಮೊದಲು ಕಾಣಿಸುವುದೇ ಅಂಗಡಿಯೊಂದರಲ್ಲಿ, ಹಂದಿಮಾಂಸದ ಸ್ಯಾಂಡ್‌ವಿಚ್ ಮುಂದೆ ಮೂಗು ಹಿಡಿದುಕೊಂಡು ಅಲ್ಲ, ಮೂಗು ಚಾಚಿಕೊಂಡು. ತಿನ್ನುವುದಿಲ್ಲ, ಬರೀ ವಾಸನೆ ನೋಡುತ್ತಾಳೆ. ಆ ಅಂಗಡಿಯಲ್ಲಿ ಕೆಲಸ ಮಾಡುವ ಗೆಳೆಯ ಬ್ರೂನೋ ಮತ್ತು ತಲೆಗೆ ಬಟ್ಟೆ ಕಟ್ಟುವ ಗೆಳತಿ ನಾಕಿಯಾ ಪಕ್ಕದಲ್ಲಿ ನಿಂತು, ತಿನ್ನು ಇಲ್ಲಾ ಬಿಡು ಮಾರಾಯ್ತಿ ಅನ್ನೋ ಥರ ಮುಖ ಮಾಡುತ್ತಾರೆ. ಮಾರ್ಷ್‌ಮೆಲ್ಲೋದಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇದೆಯಾ ಅಂತ ಪೊಟ್ಟಣ ತಿರುಗಿಸಿ ಓದುವ, ಹುಟ್ಟುಹಬ್ಬದ ಪಾರ್ಟಿಯಲ್ಲಿ ಪಿಜ್ಜಾ ಮೇಲಿನ ಪೆಪರೋನಿ ಕಿತ್ತು ಪಕ್ಕಕ್ಕಿಟ್ಟು, ಕಿತ್ತ ಬೆರಳನ್ನು ಯಾರೂ ನೋಡದಾಗ ಮೂಸುವ ಮಕ್ಕಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ?

ಅದೇ ಅಂಗಡಿಗೆ ಜೋಯಿ ಅಂತ ಶಾಲೆಯ ಜನಪ್ರಿಯ ಹುಡುಗಿ ಬರುತ್ತಾಳೆ. ನಾಕಿಯಾಳ ತಲೆಬಟ್ಟೆ ಚೆಂದ ಇದೆ ಅಂತ ಹೊಗಳಿ, ಅದೇ ಉಸಿರಿನಲ್ಲಿ ಕೇಳುತ್ತಾಳೆ: ನಿಂಗೆ ಯಾರೂ ಬಲವಂತ ಮಾಡಿಲ್ಲ ತಾನೇ, ನಿಮ್ಮಪ್ಪ ಗಿಪ್ಪ? ನಾಕಿಯಾ ಹೇಳುತ್ತಾಳೆ, ನಮ್ಮಪ್ಪ ಇದನ್ನ ತೆಗೆ ಅಂತಾರೆ, ಇದು ಹುಡುಗಾಟದ ಖಯಾಲಿ ಅಂದ್ಕೊಂಡಿದ್ದಾರೆ. ಇಡೀ ಒಂದು ಭಾಷಣ ಹೇಳಬೇಕಾದ್ದನ್ನು ಎರಡು ಚೌಕದಲ್ಲಿ ಹೇಳಿ ಮುಗಿಸಿದ್ದಾರೆ ವಿಲ್ಸನ್. ಮುಂದೆ ಪಾರ್ಟಿಯಲ್ಲಿ ಇದೇ ಜೋಯಿ, ನಿನ್ನ ಹತ್ರ ಕರಿ ವಾಸನೆ ಬರ್ತಿದೆ, ನಾನು ಆ ಕಡೆ ನಿಂತ್ಕೋತೀನಿ ಅನ್ನುತ್ತಾಳೆ. ಚಳಿಗಾಲದಲ್ಲಿ ಒಗ್ಗರಣೆ ಹಾಕುವ ಮುಂಚೆ ಕೋಟುಗಳನ್ನು ಬೀರುವಿನೊಳಗೆ ಹಾಕಿ ಬಾಗಿಲು ಮುಚ್ಚುವ ನಮಗೆ ಈ ಮಾತು ಹೊಸದಾ? ಇಂಗಿನ ವಾಸನೆ ಯಾವ ದೇವರ ಮನೆಯಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಸೂಪರ್‌ಹೀರೊ ಕಥೆಗಳಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮ ಬದುಕಿರುವುದಿಲ್ಲ. ಬ್ಯಾಟ್‌ಮ್ಯಾನ್‌ನ ಅಪ್ಪ ಅಮ್ಮ ಬೀದಿಯಲ್ಲಿ ಸತ್ತರು, ಸೂಪರ್‌ಮ್ಯಾನ್‌ನವರು ಗ್ರಹದ ಜೊತೆಗೇ ಹೋದರು, ಸ್ಪೈಡರ್‌ಮ್ಯಾನ್‌ಗೆ ಚಿಕ್ಕಪ್ಪನೂ ಉಳಿಯಲಿಲ್ಲ. ಕಮಲಾಳ ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ದಾರೆ, ರಾತ್ರಿ ಅವಳು ಬರೋವರೆಗೂ ಎದ್ದಿರುತ್ತಾರೆ, ಅದೇ ಅವಳ ದೊಡ್ಡ ಕಷ್ಟ. ಈ ಪುಸ್ತಕವನ್ನು ನಮ್ಮ ಮೇಜಿಗೆ ತರಬೇಕು ಅಂತ ನಾನು ಹಟ ಹಿಡಿದಿರುವುದು ಈ ಅಪ್ಪ ಅಮ್ಮನಿಗೋಸ್ಕರ.

ಊಟದ ಮೇಜಿನ ಒಂದು ದೃಶ್ಯ ನೋಡಿ. ಅಪ್ಪ ಯೂಸುಫ್ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಅಣ್ಣ ಆಮಿರ್ ಮಹಾ ದೈವಭಕ್ತ, ಕೆಲಸ ಇಲ್ಲ, ಪ್ರಾರ್ಥನೆ ನಿಲ್ಲಿಸುವುದಿಲ್ಲ. ಕೆಲಸ ಹುಡುಕೋದು ತಪ್ಪಿಸೋಕೆ ಈ ಭಕ್ತಿ ಅಂತ ಅಪ್ಪನಿಗೆ ಅನುಮಾನ. ಬ್ಯಾಂಕು ಅಂದ್ರೆ ಬಡ್ಡಿ ದುಡ್ಡು, ಅದು ಪಾಪ ಅಂತ ಮಗನ ವಾದ. ಬಡ್ಡಿ ದುಡ್ಡಿನಲ್ಲೇ ಬೇಯಿಸಿದ ಊಟ ಮಾತ್ರ ನಡೆಯುತ್ತದೆ! ಮಧ್ಯದಲ್ಲಿ ಕಮಲಾ ಪಾರ್ಟಿಗೆ ಹೋಗಲಾ ಅಂತ ಕೇಳುತ್ತಾಳೆ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲಮ್ಮಾ, ರಾತ್ರಿ ಹೊತ್ತು ಅಲ್ಲಿ ಬರೋ ಹುಡುಗರ ಮೇಲೆ ಇಲ್ಲ ಅನ್ನುವ ಅರ್ಥದ ಉತ್ತರ ಅಪ್ಪನಿಂದ. ನಾನೂ ಇದನ್ನೇ ಹೇಳಿದ್ದೇನೆ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ನೀವೂ ಹೇಳಿರುತ್ತೀರಿ. ಅಣ್ಣನಿಗೆ ಒಂದು ಕಾನೂನು ತಂಗಿಗೆ ಇನ್ನೊಂದು ಅನ್ನೋ ಅವಳ ಸಿಟ್ಟೂ ಗೊತ್ತಿರುವುದೇ.

ಅವಳು ಕಿಟಕಿ ಹಾರಿ ಹೋಗುತ್ತಾಳೆ. ಹೊಳೆ ದಂಡೆಯ ಪಾರ್ಟಿಯಲ್ಲಿ ಕಿತ್ತಳೆ ರಸಕ್ಕೆ ಹೆಂಡ ಬೆರೆಸಿ ಕೊಟ್ಟಾಗ ಉಗಿಯುತ್ತಾಳೆ. ವಾಪಸ್ ಬರುವಾಗ ಊರಿಗೆಲ್ಲ ವಿಚಿತ್ರ ಮಂಜು ಕವಿಯುತ್ತದೆ, ಅದರಿಂದಲೇ ಅವಳಿಗೆ ಶಕ್ತಿ ಬರುವುದು. ಇಲ್ಲಿ ಒಂದು ಪುಟ ಇದೆ, ಅದನ್ನು ನಿಧಾನವಾಗಿ ನೋಡಿ. ಕ್ಯಾಪ್ಟನ್ ಮಾರ್ವೆಲ್, ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕಾ ಮೂವರೂ ದೇವರ ಫೋಟೋದ ಭಂಗಿಯಲ್ಲಿ ಮೋಡದ ಮೇಲೆ ಪ್ರತ್ಯಕ್ಷ. ಹೊಂಬಣ್ಣದ ಕೂದಲಿನ ಅಮೆರಿಕನ್ ನಾಯಕಿ ಕ್ಯಾಪ್ಟನ್ ಮಾರ್ವೆಲ್ ಬಾಯಲ್ಲಿ ಬರುವುದು ಅಮೀರ್ ಖುಸ್ರೋನ ಹಾಡು, 'ಸಕಲ್ ಬನ್ ಫೂಲ್ ರಹೀ ಸರಸೋಂ'. ಏಳುನೂರು ವರ್ಷದ ಹಿಂದಿನ ದಿಲ್ಲಿಯ ವಸಂತದ ಹಾಡು, ಸಾಸಿವೆ ಹೊಲ ಅರಳಿದ ಹಾಡು, ಜರ್ಸಿ ಸಿಟಿಯ ಮಂಜಿನಲ್ಲಿ! ಹುಡುಗಿಗೆ ದರ್ಶನ ಆಗೋದಾದರೂ ಅಮ್ಮನ ಮನೆಯ ಹಾಡಿನಲ್ಲೇ ಆಗಬೇಕು.

ಏನಾಗಬೇಕು ಅಂದಾಗ ಅವಳು ಕೇಳುವುದು ಕ್ಯಾರಲ್ ಥರ ಆಗಬೇಕು ಅಂತ. ಆಗುತ್ತಾಳೆ ಕೂಡ. ಬಿಳಿ ಮೈ, ಹಳದಿ ಕೂದಲು, ಮೈಗಂಟುವ ಬಟ್ಟೆ, ಎತ್ತರದ ಬೂಟು. ಸ್ವಲ್ಪ ಹೊತ್ತಿಗೇ ಸಾಕಪ್ಪಾ ಅನ್ನಿಸುತ್ತದೆ, ಕೂದಲು ಬಾಯಿಗೆ ಬರುತ್ತದೆ, ಬೂಟು ಕಚ್ಚುತ್ತದೆ. ಅಷ್ಟರಲ್ಲಿ ಜೋಯಿ ನೀರಿಗೆ ಬೀಳುತ್ತಾಳೆ, ಕರಿ ವಾಸನೆ ಅಂದಿದ್ದ ಅದೇ ಜೋಯಿ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದ ಹಾಗೆ ಅನ್ನೋ ಕುರಾನಿನ ಮಾತು ಅಪ್ಪನ ನೆನಪಿನ ಜೊತೆ ಅವಳ ತಲೆಗೆ ಬರುತ್ತದೆ, ಕೈ ಚಾಚುತ್ತಾಳೆ, ಕೈ ದೊಡ್ಡದಾಗುತ್ತದೆ. ಆಮೇಲೆ ಬೀರುವಿನಲ್ಲಿದ್ದ ಮೈ ಪೂರ್ತಿ ಮುಚ್ಚುವ ಈಜಿನ ಬುರ್ಕಿನಿಯನ್ನೇ ಮಾರ್ಪಡಿಸಿ ತನಗೆ ಹೊಂದುವ ದಿರಿಸು ಮಾಡಿಕೊಳ್ಳುತ್ತಾಳೆ.

ಮನೆಯವರಿಗೆ ಇವಳು ರಾತ್ರಿ ಎಲ್ಲಿಗೆ ಹೋಗುತ್ತಾಳೆ ಅಂತ ದಿಗಿಲು, ಮಸೀದಿಯ ಶೇಖ್ ಅಬ್ದುಲ್ಲಾ ಹತ್ತಿರ ಬುದ್ಧಿ ಹೇಳಿಸೋಕೆ ಕಳಿಸುತ್ತಾರೆ. ಬೈಗುಳಕ್ಕೆ ತಯಾರಾಗಿ ಹೋದವಳಿಗೆ ಅವರು ಹೇಳುವುದು ಬೇರೆ. ಮಾಡಲೇಬೇಕು ಅನ್ನಿಸಿದರೆ ಮಾಡು, ಧೈರ್ಯವಾಗಿ, ಪ್ರಾಮಾಣಿಕವಾಗಿ, ಆತ್ಮಗೌರವದಿಂದ ಮಾಡು, ಕಲಿಸೋಕೆ ಒಬ್ಬ ಗುರು ಹುಡುಕಿಕೊ. ಮೂಲ ಸರಣಿಯ ಕೊನೆಯಲ್ಲಿ, 2015ರಲ್ಲಿ, ಇನ್ನೂ ದೊಡ್ಡ ಏಟು ಬೀಳುತ್ತದೆ. ಪ್ರಪಂಚ ಮುಳುಗುವ ಹೊತ್ತು ಕಮಲಾ ಕೊನೆಗೂ ಅಮ್ಮ ಮುನೀಬಾಗೆ ಗುಟ್ಟು ಹೇಳೋಕೆ ಬಾಯಿ ಬಿಡುತ್ತಾಳೆ. ಅಮ್ಮನಿಗೆ ಯಾವತ್ತೋ ಗೊತ್ತು! ಮಗಳು ಮಾಡುವ ಅತಿ ಕೆಟ್ಟ ಕೆಲಸ ಅಂದ್ರೆ ಕಷ್ಟದಲ್ಲಿರುವವರಿಗೆ ಸಹಾಯ ಮಾಡೋಕೆ ಕದ್ದು ಹೋಗೋದು ಅನ್ನೋದಾದರೆ ದೇವರಿಗೆ ಕೈಮುಗಿಯಬೇಕು ಅಂತ ಅವರ ಮಾತಿನ ಸಾರ. ಸಿಡಿಮಿಡಿಯ ತಾಯಿ ಅಂತ ಪುಟಗಟ್ಟಲೆ ನಗಿಸಿದವರು ಇಲ್ಲಿ ಒಂದೇ ಏಟಿಗೆ ಅಳಿಸಿಬಿಡುತ್ತಾರೆ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಮೊದಲ ಖಳನಾಯಕ ಥಾಮಸ್ ಎಡಿಸನ್‌ನ ತದ್ರೂಪು, ಆದರೆ ತಪ್ಪಾಗಿ ಗಿಣಿಜಾತಿಯ ಕಾಕಟೀಲ್ ಹಕ್ಕಿಯ ತಲೆ ಬಂದುಬಿಟ್ಟಿದೆ. (ಅದೇ ಎಡಿಸನ್ ಹೆಸರಿನ ನ್ಯೂಜರ್ಸಿಯ ಊರಿನ ಓಕ್ ಟ್ರೀ ರಸ್ತೆಯಲ್ಲಿ ಶನಿವಾರ ಸಂಜೆ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ ಈ ಖಳನಾಯಕ ಚೆನ್ನಾಗಿ ಅರ್ಥ ಆಗುತ್ತಾನೆ.) ನಗು ಬರುತ್ತದೆ, ಭಯ ಬರುವುದಿಲ್ಲ. ಆದರೂ ಅವನ ತರ್ಕ ಚುಚ್ಚುತ್ತದೆ: ಈ ಕಾಲದ ಮಕ್ಕಳು ದಂಡಪಿಂಡಗಳು, ಅವರನ್ನು ಬ್ಯಾಟರಿಯಾಗಿ ಬಳಸಿದರಾದರೂ ಪ್ರಯೋಜನ. ಮಕ್ಕಳೂ ಅದನ್ನು ನಂಬಿ ತಾವೇ ಒಪ್ಪಿ ಕೂತಿದ್ದಾರೆ. ಮುಂದೆ ಮಾರ್ವೆಲ್‌ನ ದೊಡ್ಡ ಯುದ್ಧದ ಕಥೆಗಳಿಗೆ ಕಮಲಾಳನ್ನು ಎಳೆದು ತಂದಾಗ ನಂಗೆ ತಲೆನೋವು ಬಂತು, ಅದು ಅರ್ಥ ಆಗೋಕೆ ಇನ್ನೂ ನಾಲ್ಕು ಕಾಮಿಕ್ಸ್ ಓದಿರಬೇಕು. 2022ರ ಟೀವಿ ಸರಣಿಯಲ್ಲಿ ಇಮಾನ್ ವೆಲ್ಲಾನಿ ಅದ್ಭುತ, ಆದರೆ ಕೈಕಾಲು ಬೆಳೆಯುವ ತಮಾಷೆಯ ಶಕ್ತಿಯನ್ನು ತೆಗೆದು ಬಳೆಯಿಂದ ಬೆಳಕು ಬರುವ ಶಕ್ತಿ ಕೊಟ್ಟಿದ್ದಾರೆ. ಯಾಕೋ ಸಪ್ಪೆ.

ಬಹುಮಾನಗಳ ಪಟ್ಟಿ ಬೇಕಾದವರಿಗೆ: ಮೊದಲ ಸಂಪುಟಕ್ಕೆ 2015ರಲ್ಲಿ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ, ಮರುವರ್ಷ ಫ್ರಾನ್ಸಿನ ಆಂಗುಲೇಮ್ ಕಾಮಿಕ್ಸ್ ಹಬ್ಬದಲ್ಲೂ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಇಷ್ಟವಾದದ್ದು ಸ್ಯಾನ್ ಫ್ರಾನ್ಸಿಸ್ಕೋದ ಬಸ್ಸಿನ ಸುದ್ದಿ. 2015ರ ಜನವರಿಯಲ್ಲಿ ಅಲ್ಲಿನ ಸಿಟಿ ಬಸ್ಸುಗಳ ಮೇಲೆ ಮುಸ್ಲಿಮರನ್ನು ಹೀಯಾಳಿಸುವ ಜಾಹೀರಾತು ಅಂಟಿಸಿದ್ದರು. ರಾತ್ರೋರಾತ್ರಿ ಯಾರೋ ಅದರ ಮೇಲೆ ಕಮಲಾಳ ಚಿತ್ರ ಅಂಟಿಸಿಬಿಟ್ಟರು. ಒಂದು ವರ್ಷದ ಹಿಂದೆ ಹುಟ್ಟಿದ ಕಾಗದದ ಹುಡುಗಿ ಅಷ್ಟು ಬೇಗ ಬೀದಿಗೆ ಬೇಕಾದವಳಾಗಿಬಿಟ್ಟಳು.

ನಾವು ಕಾಮಿಕ್ಸ್ ಓದದೆ ಬೆಳೆದವರೇನೂ ಅಲ್ಲ. 1967ರಲ್ಲಿ ಅಮರ ಚಿತ್ರಕಥೆ ಶುರುವಾದಾಗ ಚುಕ್ಕಾಣಿ ಹಿಡಿದವರು ನಮ್ಮ ಕಾರ್ಕಳದ ಅನಂತ ಪೈ. ಬಾಲಮಂಗಳದ ಡಿಂಗನಿಗೆ ಕಾದು ಕೂತವರು ಈ ಕೂಟದಲ್ಲೇ ಅರ್ಧ ಜನ ಇದ್ದೀರಿ. ಇಲ್ಲಿ ಹುಟ್ಟಿದ ಕನ್ನಡದ ಮನೆಯ ಹುಡುಗಿಯೊಬ್ಬಳು, ಸಾರಿನ ವಾಸನೆಯ ಕೋಟು ಹಾಕಿಕೊಂಡು, ಭರತನಾಟ್ಯದ ತರಗತಿ ತಪ್ಪಿಸಿ ಊರು ಕಾಯುವ ಕಥೆ ಮಾತ್ರ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾಗಿ ದೀಪಾವಳಿ ಸಂಚಿಕೆಗೆ ಮಕ್ಕಳಿಂದ ಎರಡು ಪುಟದ ಚಿತ್ರಕಥೆ ಕರೆಯುತ್ತಿದ್ದೇವೆ. ಹತ್ತರಿಂದ ಹದಿನೇಳು ವಯಸ್ಸಿನವರು ಯಾರು ಬೇಕಾದರೂ ಬರೆಯಬಹುದು. ಕನ್ನಡ ಇಂಗ್ಲಿಷ್ ಕಲಸಿ ಬರೆದರೂ ಸರಿ, ಅಕ್ಷರ ತಪ್ಪು ನಾವು ತಿದ್ದುತ್ತೇವೆ, ಕಥೆ ತಿದ್ದುವುದಿಲ್ಲ. ಅಪ್ಪ ಅಮ್ಮ ಪೆನ್ಸಿಲ್ ಮುಟ್ಟಬಾರದು. ಖಳನಾಯಕರಾಗಿ ಕೂಟದ ಆಂಟಿ ಅಂಕಲ್‌ಗಳನ್ನು ಬಳಸಿಕೊಳ್ಳಬಹುದು, ಹೆಸರು ಬದಲಾಯಿಸಿದರೆ ಸಾಕು.